ಕೋಲು ಕಾಣೆಯಾದ ಶನಿವಾರ

ಬಿಷಪ್ಪರು ದರ್ಜಿ ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬರುವಾಗಲೇ ಏನೋ ಎಡವಟ್ಟಾಗಿದೆ ಎಂದು ಇಸ್ತ್ರಿಯಣ್ಣನಿಗೆ ಅನ್ನಿಸಿತು. ಮೂವತ್ತೊಂಬತ್ತು ವರ್ಷಗಳಲ್ಲಿ ಅವರು ಬಾಗಿಲಲ್ಲೇ ಒಂದು ಕುಚೋದ್ಯದ ಮಾತಾಡದೆ ಒಳಗೆ ಕಾಲಿಟ್ಟವರಲ್ಲ. ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸದ್ದಿಲ್ಲದೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮಾಸ್ಟ್ರೇ, ನನ್ನ ಕೋಲು ಕಳುವಾಗಿದೆ," ಎಂದರು.

ಮಾಸ್ಟರು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಇಸ್ತ್ರಿಯಣ್ಣ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ಇಡದಿದ್ದರೆ ಯಾರದೋ ಅಂಗಿಯ ಕಾಲರು ಸುಟ್ಟು ಕರಕಲಾಗುತ್ತಿತ್ತು.

ಕೋಲೆಂದರೆ ಅಂತಿಂಥ ಕೋಲಲ್ಲ. ಆಂಗ್ಲಿಕನ್ ಕ್ರೈಸ್ತ ಸಭೆಯಲ್ಲಿ ಬಿಷಪ್ಪನಾದವನ ಕೈಗೆ ತುದಿ ಬಾಗಿದ ಕುರುಬನ ಕೋಲೊಂದನ್ನು ಕೊಡುತ್ತಾರೆ. ಜನವೆಲ್ಲ ಮಂದೆ, ಇವನು ಕಾಯುವವನು ಎಂದು ಅದರ ಅರ್ಥ. ಬೇರೆ ಬಿಷಪ್ಪರದು ಬೆಳ್ಳಿಯದಿರುತ್ತಿತ್ತು. ಇವರು ಬೆಳ್ಳಿ ಬೇಡವೆಂದು ಹಟ ಹಿಡಿದಿದ್ದರಿಂದ, ಅವರ ಮೊದಲ ಸಭೆಯ ರೈಲ್ವೆ ವರ್ಕ್‌ಶಾಪಿನ ಬಡಗಿಗಳು ಹಳೆಯ ಬೋಗಿಯ ಸೀಟಿನ ತೇಗದ ಹಲಗೆಯಿಂದ ಕೋಲು ಮಾಡಿಕೊಟ್ಟಿದ್ದರು. ಮೂರು ತುಂಡು, ನಡುವೆ ಹಿತ್ತಾಳೆಯ ತಿರುಪು, ತುದಿ ಸವೆಯದಂತೆ ಕೆಳಗೊಂದು ಹಿತ್ತಾಳೆಯ ಗೊರಸು, ಬಾಗಿದ ತಲೆಯ ಬುಡಕ್ಕೆ ಹೊಳೆಯುವ ಒಂದು ಬಳೆ.

"ನಾಳೆ ಹತ್ತಕ್ಕೆ ನನ್ನ ಕೊನೇ ಆರಾಧನೆ. ಕೋಲನ್ನ ಬಲಿಪೀಠದ ಮೇಲಿಟ್ಟು ಆಚೆ ನಡೀಬೇಕು. ಕೋಲಿಲ್ದೇ ಇದ್ರೂ ನಾನು ನಿವೃತ್ತನಾಗ್ತೀನಿ ಬಿಡಿ, ಅದೇನು ದೊಡ್ಡದಲ್ಲ," ಬಿಷಪ್ಪರು ಟೋಪಿಯ ಅಂಚನ್ನು ತಿರುಗಿಸುತ್ತ ಹೇಳಿದರು. "ಆದ್ರೆ ಕ್ಯಾಥೆಡ್ರಲ್ ಕಾಯೋ ಬೀಗದ ತಾತನ್ನ ಕಳ್ಳ ಅಂತಿದಾರೆ. ಕೋಲಿಡೋ ಬೀರುವಿನ ಕೀಲಿ ಇದ್ದದ್ದು ಅವರ ಸೊಂಟದಲ್ಲಿ. ಇವತ್ತು ಐದು ಗಂಟೆಯೊಳಗೆ ಕೋಲು ಸಿಗದಿದ್ರೆ ಕೀಲಿಗೊಂಚಲು ಕೊಟ್ಟು ಹೋಗು ಅಂತ ಸಭೆಯ ಕಾರ್ಯದರ್ಶಿಗಳು ಹೇಳ್ಬಿಟ್ಟಿದಾರೆ. ಆಮೇಲೆ ಪೊಲೀಸು. ನಲವತ್ತೊಂದು ವರ್ಷ ಆ ಮನುಷ್ಯ ಒಂದು ಮೇಣದ ಬತ್ತೀನೂ ಕಳೆದವರಲ್ಲ. ನಾನು ಹೋಗೋ ದಿನ ಅವರು ಹೀಗೆ ಹೋಗಬಾರದು, ಮಾಸ್ಟ್ರೇ."

"ತಾತ ಏನಂತಾರೆ?"

"ಬೀಗ ನನ್ನ ಹತ್ರಾನೇ ಇತ್ತು ಅಂತಾರೆ. ಅದು ಬಿಟ್ಟು ತುಟಿ ಎರಡು ಮಾಡ್ತಿಲ್ಲ."

"ನೋಡ್ತೀನಿ," ಎಂದರು ಮಾಸ್ಟರು. ಅವರ ಬಾಯಲ್ಲಿ ಈ ಮಾತು ಬಂದರೆ ಮುಂದಿನದನ್ನು ಯಾರೂ ಕೇಳುತ್ತಿರಲಿಲ್ಲ. ಪೊಲೀಸ್ ಠಾಣೆ ಎರಡು ಬೀದಿ ದಾಟಿದರೆ ಸಿಗುತ್ತಿತ್ತು. ಆದರೂ ಕ್ಯಾಥೆಡ್ರಲ್ ಬೀದಿಯ ಜನ ಕೈಬಳೆ ಹೋದರೂ, ಗಂಟೆಯ ಹಗ್ಗ ಕತ್ತರಿಸಿದರೂ, ಅನಾಮಧೇಯ ಪತ್ರ ಬಂದರೂ ಮೊದಲು ಓಡಿ ಬರುತ್ತಿದ್ದುದು ಈ ದರ್ಜಿ ಅಂಗಡಿಗೆ. ಮನುಷ್ಯ ಏನೇ ಹೇಳಲಿ, ಅವನ ಅಳತೆ ಬೇರೆ ಹೇಳುತ್ತದೆ ಎಂಬುದು ಮಾಸ್ಟರ ಸಿದ್ಧಾಂತ. ಅದನ್ನು ನಲವತ್ತು ವರ್ಷದಿಂದ ಕೇಳಿ ಕೇಳಿ ಇಸ್ತ್ರಿಯಣ್ಣನ ಕಿವಿ ತೂತಾಗಿತ್ತು. ಸಿದ್ಧಾಂತ ಒಮ್ಮೆಯೂ ಸುಳ್ಳಾಗದಿದ್ದುದು ಅವನಿಗೆ ಇನ್ನೊಂದು ಹೊಟ್ಟೆನೋವು.

ಬಂದದ್ದು ಬಂದಾಗಿದೆಯೆಂದು ಬಿಷಪ್ಪರು ನಾಳೆಯ ನೇರಳೆ ನಿಲುವಂಗಿಯನ್ನು ಹಾಕಿ ನೋಡಿದರು. ಕನ್ನಡಿಯ ಮುಂದೆ ನಿಂತಾಗ ಮುಖ ಒಂದಿಷ್ಟು ಗೆಲುವಾಯಿತು.

"ನೋಡು ಇಸ್ತ್ರಿಯಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಹೊಲಿದಿದ್ದು. ಇವತ್ತೂ ಸರಿಯಾಗಿ ಹಿಮ್ಮಡಿಗೆ ನಿಲ್ಲುತ್ತೆ."

"ಅಯ್ಯನೋರ ಮೈಕಟ್ಟು ಹಂಗೆ," ಎಂದು ಮಾಸ್ಟರು ಅಂಚಿನ ಹತ್ತಿರ ಬಗ್ಗಿ ಇಲ್ಲದ ನೂಲೊಂದನ್ನು ಕಿತ್ತರು. ಇಸ್ತ್ರಿಯಣ್ಣ ಗೋಡೆ ನೋಡಿದ.

ಅವರು ಹೋದ ಮೇಲೆ ಮಾಸ್ಟರು ಕಪಾಟಿನಿಂದ ಹಳೆಯ ಅಳತೆ ಪುಸ್ತಕಗಳನ್ನು ಇಳಿಸಿದರು. ಇಸ್ತ್ರಿಯಣ್ಣನೂ ಪಕ್ಕದಲ್ಲಿ ಬಗ್ಗಿ ನೋಡಿದ. ಮೊದಲ ಪುಟದಲ್ಲಿ ಬಿಷಪ್ಪರು ಇನ್ನೂ ಇಪ್ಪತ್ತೊಂಬತ್ತು ವರ್ಷದ ಬಡಕಲು ಪಾದ್ರಿ: ಎದೆ ಮೂವತ್ನಾಲ್ಕು, ಒಂದೇ ನಿಲುವಂಗಿ, ಮೊಣಕೈಗೆ ತೇಪೆ. ರೈಲ್ವೆ ಕ್ವಾರ್ಟರ್ಸಿನ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಅಂಚಿಗೆಲ್ಲ ಚೈನಿನ ಗ್ರೀಸು ಬಳಿದುಕೊಂಡು ಬರುತ್ತಿದ್ದರು. ಸೀಮೆಎಣ್ಣೆ ಹಾಕಿ ಉಜ್ಜಿ ಉಜ್ಜಿ ಬೈದದ್ದು ಇಸ್ತ್ರಿಯಣ್ಣನಿಗೆ ನಿನ್ನೆಯ ಹಾಗಿತ್ತು. ಆಮೇಲೆ ಕ್ಷಯರೋಗದ ಆಸ್ಪತ್ರೆಯ ಪಾದ್ರಿಯಾಗಿದ್ದ ಏಳು ವರ್ಷ. ಆಗ ಬಟ್ಟೆ ಕುದಿಸಿಯೇ ತರುತ್ತಿದ್ದುದರಿಂದ ಪ್ರತಿ ಸಲವೂ ಅದು ಅರ್ಧ ಇಂಚು ಕುಗ್ಗಿರುತ್ತಿತ್ತು. ಆಮೇಲೆ ಎದೆ ನಲವತ್ತಾದ ಒಳ್ಳೆಯ ಕಾಲ, ಬಿಷಪ್ ಪಟ್ಟ, ಬಿಳಿಯ ಅಗಲ ತೋಳಿನ ಮೇಲಂಗಿ. ಆ ತೋಳಿನ ನೆರಿಗೆಗಳನ್ನು ಇಸ್ತ್ರಿ ಮಾಡಲು ಅವನಿಗೆ ಇಡೀ ದಿನ ಹಿಡಿದಿತ್ತು. ಪಟ್ಟದ ದಿನ ಕ್ಯಾಥೆಡ್ರಲ್ಲಿನ ಹಿಂದಿನ ಬೆಂಚಿನಲ್ಲಿ ನಿಂತು, ನೆರಿಗೆ ಕೆಡದಿರಲೆಂದು ಅವನು ಪ್ರಾರ್ಥನೆ ಮಾಡಿದ್ದ. ಬೇರೆ ಯಾವ ಪ್ರಾರ್ಥನೆಯೂ ಅವನಿಗೆ ಆ ದಿನ ನೆನಪಾಗಲಿಲ್ಲ.

"ಅಳ್ಬೇಡ, ಪುಟ ಒದ್ದೆಯಾಗುತ್ತೆ," ಎಂದರು ಮಾಸ್ಟರು. "ನಡಿ, ವೆಸ್ಟ್ರಿ ನೋಡ್ಕೊಂಡು ಬರೋಣ."

"ಬಲಿಪೀಠದ ಬಟ್ಟೆಗಳು ಇನ್ನೂ ಬಂದಿಲ್ಲ, ಮಾಸ್ಟ್ರೇ. ಪ್ರತಿ ಶನಿವಾರ ಅಕ್ಕ ಒಂಬತ್ತಕ್ಕೆಲ್ಲ ಒಗೆದು ಕಳಿಸ್ತಿದ್ರು. ಮಧ್ಯಾಹ್ನ ಬಂದ್ರೆ ನಾನು ಯಾವಾಗ ಇಸ್ತ್ರಿ ಮಾಡ್ಲಿ?"

ಅಕ್ಕ ಎಂದರೆ ಬಿಷಪ್ಪರ ಅಕ್ಕ. ಮದುವೆಯಾಗದ ತಮ್ಮನ ಮನೆಯನ್ನು ಮೊದಲ ದಿನದಿಂದ ನಡೆಸಿಕೊಂಡು ಬಂದವರು. ಅವರನ್ನು ಇಡೀ ಬೀದಿ ಅಕ್ಕ ಎಂದೇ ಕರೆಯುತ್ತಿತ್ತು.

ವೆಸ್ಟ್ರಿ ಎಂದರೆ ಪಾದ್ರಿಗಳು ಉಡುಪು ತೊಡುವ ಕೋಣೆ. ಕ್ಯಾಥೆಡ್ರಲ್ಲಿನ ಪಕ್ಕದ ಬಾಗಿಲಿಂದ ಅಲ್ಲಿಗೆ ದಾರಿ. ಬೀಗದ ತಾತ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಸಭೆಯ ಕಾರ್ಯದರ್ಶಿಗಳು ಗಡಿಯಾರ ನೋಡುತ್ತ ಶತಪಥ ತುಳಿಯುತ್ತಿದ್ದರು. ಕೆಟ್ಟವರಲ್ಲ. ಪಟ್ಟಿಯಲ್ಲಿರುವುದು ಪಟ್ಟಿಯಲ್ಲಿರುವಂತೆಯೇ ಇರಬೇಕೆನ್ನುವ ಜನ.

"ನಿನ್ನೆ ಸಂಜೆ ಆರಕ್ಕೆ ಇವರೇ ಬೀರುವಿಗೆ ಬೀಗ ಹಾಕಿದ್ರು. ಇವತ್ತು ಒಂಬತ್ತಕ್ಕೆ ನನ್ನೆದುರೇ ತೆಗೆದ್ರು. ಕೋಲಿಲ್ಲ. ಬೀಗ ಮುರಿದಿಲ್ಲ," ಎಂದರು ಕಾರ್ಯದರ್ಶಿಗಳು.

"ಒಂಬತ್ತಕ್ಕೆ ಯಾಕೆ ತೆಗೆದ್ರಿ?"

"ಕೋಲಿಗೆ ಗಾಜಿನ ಪೆಟ್ಟಿಗೆ ಮಾಡಿಸಿದ್ದೀವಿ. ನಾಳೆ ಆರಾಧನೆ ಆದ ಮೇಲೆ ಅದರಲ್ಲಿ ನಿಲ್ಲಿಸೋದು ಅಂತ. ಸರಿಹೋಗುತ್ತೋ ಇಲ್ವೋ ನೋಡೋಣ ಅಂತ ಬಡಗೀನ ಕರೆಸಿದ್ದೆ. ಬಿಷಪ್ಪರೂ ನೋಡೋಕೆ ಬರ್ತೀನಿ ಅಂದಿದ್ರು."

"ಬಡಗಿಗೆ ಅಳತೆ ಕೊಟ್ಟಿದ್ದು ಯಾರು?"

"ನಾನೇ. ರಿಜಿಸ್ಟರಿನಲ್ಲಿದೆಯಲ್ಲ, ಎಪ್ಪತ್ತಾರು ಇಂಚು. ಮೊನ್ನೆ ಗುರುವಾರ ಬಿಷಪ್ಪರ ಮನೆಯಲ್ಲಿ ಎಲ್ಲರೆದುರಿಗೂ ಓದಿ ಹೇಳಿದೆ."

ಮಾಸ್ಟರು ಬೀರುವಿನೊಳಗೆ ತಲೆ ಹಾಕಿದರು. ಬೆಳ್ಳಿಯ ಬಟ್ಟಲು, ತಟ್ಟೆ ಎಲ್ಲ ಇದ್ದವು. ಪ್ರವಾಸದಲ್ಲಿ ಕೋಲನ್ನು ಬಿಚ್ಚಿ ಇಡಲು ಮಾಸ್ಟರೇ ಹೊಲಿದಿದ್ದ ಮೂರು ಜೇಬಿನ ಬಟ್ಟೆಚೀಲ ಇರಲಿಲ್ಲ. ಹೋದ ವರ್ಷ ಅಕ್ಕ ಅದನ್ನು ಅಂಗಡಿಗೆ ತಂದು, ಒಂದು ಜೇಬು ಸಡಿಲ, ಒಂದಿಷ್ಟು ಹಿಡಿದು ಹೊಲಿ ಎಂದದ್ದು ಇಸ್ತ್ರಿಯಣ್ಣನಿಗೆ ನೆನಪಿತ್ತು. ಬೀರುವಿನ ಹಿಂಬದಿಯ ಹಲಗೆಯಲ್ಲಿ, ಕೋಲಿನ ಹಿತ್ತಾಳೆ ಬಳೆ ತಾಗಿ ತಾಗಿ ಒಂದು ಗೀರು ಬಿದ್ದಿತ್ತು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಎಲ್ಲದಕ್ಕಿಂತ ಕೆಳಗೆ ಹೊಸದೊಂದು. ಮಾಸ್ಟರು ಕುತ್ತಿಗೆಯ ಟೇಪು ಎಳೆದು ಮೇಲಿನದರಿಂದ ಕೆಳಗಿನದಕ್ಕೆ ಹಿಡಿದರು. ಮೂರು ಇಂಚು.

"ಇದಕ್ಕೆ ಇನ್ನೊಂದು ಕೀಲಿ ಇದೆಯಾ?"

"ಬಿಷಪ್ಪರ ಮನೆಯಲ್ಲಿ, ಅವರ ಮೇಜಿನ ಡ್ರಾಯರಿನಲ್ಲಿ. ಅವರು ತಮ್ಮ ಕೋಲನ್ನ ತಾವೇ ಕದಿಯೋದಿಲ್ಲವಲ್ಲ," ಕಾರ್ಯದರ್ಶಿಗಳು ಮೂಗು ಮುರಿದರು.

ಮಾಸ್ಟರು ತಾತನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ತಾತ, ಬೆಳಿಗ್ಗೆ ಯಾರಾದ್ರೂ ಬಂದಿದ್ರಾ?"

"ನಾನು ಏಳು ಗಂಟೆಗೆ ಗಂಟೆ ಹೊಡೀತಿದ್ದೆ," ಎಂದರು ತಾತ. "ಕೀಲಿ ತಗೊಂಡ್ಬಿಡ್ಲಿ ಬಿಡಪ್ಪ. ವಯಸ್ಸೂ ಆಯ್ತು." ಅವರ ಕೈ ಸೊಂಟದ ಗೊಂಚಲನ್ನು ಬಿಗಿಯಾಗಿ ಹಿಡಿದಿತ್ತು.

ಹೊರಡುವಾಗ ಮಾಸ್ಟರು ಮೇಜಿನ ಮೇಲಿದ್ದ ಪುಸ್ತಿಕೆಯೊಂದನ್ನು ಕೈಗೆತ್ತಿಕೊಂಡರು. ಬೀಳ್ಕೊಡುಗೆಗೆಂದು ಕಾರ್ಯದರ್ಶಿಗಳೇ ಬರೆದು ಅಚ್ಚು ಹಾಕಿಸಿದ ಬಿಷಪ್ಪರ ಜೀವನ ಮತ್ತು ಸೇವೆ. ಮುಂದಿನ ರಕ್ಷಾಪುಟದಲ್ಲಿ ಪಟ್ಟದ ದಿನದ ಫೋಟೋ, ಹಿಂದಿನದರಲ್ಲಿ ಹೋದ ತಿಂಗಳು ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರನ್ನಾಗಿಸುವ ದೃಢೀಕರಣ ನಡೆಸಿದ ದಿನದ್ದು. ಎರಡರಲ್ಲೂ ಬಿಷಪ್ಪರು ಎಡಗೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಒಳಗೆ, ಪಟ್ಟದ ದಿನ ಅವರು ಹೇಳಿದ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು: "ಈ ಕೋಲಿನ ಬಳೆ ಇವತ್ತು ನನ್ನ ಕಿವಿಗೆ ಸಮನಾಗಿದೆ. ಅದು ಕಿವಿಗಿಂತ ಮೇಲೆ ಹೋದ ದಿನ, ನನ್ನ ಬೆನ್ನು ಈ ಕೆಲಸಕ್ಕೆ ಸಾಲದು ಅಂತ ತಿಳಿದು ಕೆಳಗಿಟ್ಟು ಮನೆಗೆ ಹೋಗುತ್ತೇನೆ. ದೇವರ ಮುಂದೆ ಕೊಟ್ಟ ಮಾತಿದು." ಆ ಬಳೆಯನ್ನು ಕಿವಿಗೆ ಹಿಡಿದು ತೋರಿಸುವುದು ಆಮೇಲೆ ಅವರ ಖಯಾಲಿಯಾಗಿ, ಪ್ರತಿ ಸಲ ಮಕ್ಕಳು ನಗುತ್ತಿದ್ದರು.

ಮಾಸ್ಟರು ಪುಸ್ತಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂಗಡಿಗೆ ಬಂದು ಅಳತೆ ಪುಸ್ತಕದ ಕೊನೆಯ ಪುಟ ತೆರೆದು ಅದರ ಪಕ್ಕ ಪುಸ್ತಿಕೆಯನ್ನು ಇಟ್ಟರು.

"ಗೊತ್ತಾಯ್ತಾ?" ಇಸ್ತ್ರಿಯಣ್ಣ ಕೇಳಿದ.

"ಗೊತ್ತಾಗ್ಬಾರದಿತ್ತು ಕಣೋ," ಎಂದರು ಮಾಸ್ಟರು. ಇಂಥ ಮಾತನ್ನು ಅವರ ಬಾಯಿಂದ ಇಸ್ತ್ರಿಯಣ್ಣ ಹಿಂದೆ ಕೇಳಿರಲಿಲ್ಲ. "ಹೇಳಿದ್ರೆ ಒಬ್ಬರ ಮನಸ್ಸು ಮುರಿಯುತ್ತೆ. ಹೇಳದಿದ್ರೆ ಒಬ್ಬರ ಮಾನ ಹೋಗುತ್ತೆ."

ನಾಲ್ಕೂವರೆಗೆ ಎಲ್ಲರೂ ವೆಸ್ಟ್ರಿಯಲ್ಲಿ ಸೇರಿದರು. ಕಾರ್ಯದರ್ಶಿಗಳು, ತಾತ, ಅಕ್ಕ. ಬಿಷಪ್ಪರಿಗೆ ಮಾತ್ರ ಹೇಳಿಕಳಿಸಬೇಡ ಎಂದು ಮಾಸ್ಟರು ಇಸ್ತ್ರಿಯಣ್ಣನಿಗೆ ತಾಕೀತು ಮಾಡಿದ್ದರು. ಆದರೆ ಬಾಗಿಲು ಹಾಕುವ ಹೊತ್ತಿಗೆ ಬಿಷಪ್ಪರೇ ಬಂದು ನಿಂತರು.

"ಕೇಳಿದ್ದು ನಾನು, ಮಾಸ್ಟ್ರೇ. ಉತ್ತರಾನೂ ನನಗೇ ಬೇಕು."

ಮಾಸ್ಟರು ಅಕ್ಕನ ಕಡೆ ನೋಡಿದರು. ಅಕ್ಕ ನೆಲ ನೋಡಿದರು. ಇಸ್ತ್ರಿಯಣ್ಣನಿಗೆ ಆಗ ಅರ್ಥವಾಯಿತು.

"ಆಗಲಿ," ಎಂದು ಮಾಸ್ಟರು ಶುರು ಮಾಡಿದರು. "ಕಳ್ಳ ಆಸೆಗೆ ಬಂದಿದ್ರೆ ಬೆಳ್ಳಿ ಬಟ್ಟಲು ಬಿಟ್ಟು ತೇಗದ ಕೋಲು ಎತ್ಕೊಂಡು ಹೋಗ್ತಿರಲಿಲ್ಲ. ತಗೊಂಡು ಹೋದವರು ಕೋಲಿನ ಚೀಲವನ್ನೂ ಒಯ್ದಿದಾರೆ. ಅಂದ್ರೆ ಗೀರು ಬೀಳಬಾರದು ಅನ್ನೋ ಅಕ್ಕರೆ ಇದ್ದವರು, ತುಂಡು ಬಿಚ್ಚೋದು ತಿಳಿದವರು. ಇದು ಒಂದು.

"ಇನ್ನು ಯಾಕೆ ಅನ್ನೋದು. ಬೀರುವಿನ ಹಲಗೆ ಮೇಲೆ ಬಳೆಯ ಗೀರು ನಾಲ್ಕಿವೆ. ನಿಂತ ಜಾಗದಲ್ಲೇ ನಿಂತಿರೋ ಕೋಲಿನ ಬಳೆ ಮೂರು ಇಂಚು ಕೆಳಗೆ ಇಳಿಯೋದು ಹೇಗೆ? ಕೋಲು ಗಿಡ್ಡವಾದರೆ ಮಾತ್ರ. ನನಗೆ ನಂಬಿಕೆ ಬರಲಿಲ್ಲ. ಕಾರ್ಯದರ್ಶಿಗಳ ಪುಸ್ತಿಕೆ ನೋಡಿದೆ. ಎರಡು ಫೋಟೋದಲ್ಲೂ ಬಳೆ ಅಯ್ಯನೋರ ಕಿವಿಗೆ ಸರಿಸಮ. ಆದ್ರೆ ನನ್ನ ಪುಸ್ತಕದಲ್ಲಿ, ಪಟ್ಟದ ದಿನ ಅಯ್ಯನೋರ ಕತ್ತಿನಿಂದ ಹಿಮ್ಮಡಿಗೆ ಅರವತ್ತು ಇಂಚು. ಈಗ ಐವತ್ತೇಳು. ಮನುಷ್ಯ ಮೂರು ಇಂಚು ಬಾಗಿದಾನೆ, ಬಳೆ ಮಾತ್ರ ಕಿವಿ ಬಿಟ್ಟು ಕದಲಿಲ್ಲ. ಅಂದ್ರೆ ಕೋಲನ್ನ ಅವರ ಜೊತೆಜೊತೆಗೇ ಯಾರೋ ಕೊಯ್ಯಿಸ್ತಾ ಬಂದಿದಾರೆ.

"ಗುರುವಾರ ಕಾರ್ಯದರ್ಶಿಗಳು ಎಪ್ಪತ್ತಾರು ಇಂಚಿನ ಗಾಜಿನ ಪೆಟ್ಟಿಗೆ ಅಂತ ಓದಿದ್ರು. ಎಪ್ಪತ್ಮೂರರ ಕೋಲನ್ನ ಅದರಲ್ಲಿ ನಿಲ್ಲಿಸಿದ್ರೆ ಗುಟ್ಟು ರಟ್ಟು, ಅದೂ ಅಯ್ಯನೋರ ಕಣ್ಣೆದುರಿಗೆ. ಹಾಗಾಗಬಾರದು ಅಂತ ಅನ್ನಿಸಿದವರು ಕೋಲು ತೆಗೆದಿದಾರೆ. ಎರಡನೇ ಕೀಲಿ ಇರೋ ಮನೆಯವರು. ಪ್ರವಾಸಕ್ಕೆ ಕೋಲು ಬಿಚ್ಚಿ ಕಟ್ಟಿಕೊಡೋರು. ಚೀಲದ ಒಂದು ಜೇಬು ಸಡಿಲ ಅಂತ ಹೋದ ವರ್ಷ ನನ್ನ ಹತ್ರಾನೇ ಹಿಡಿದು ಹೊಲಿಸಿದೋರು. ಒಳಗಿನ ತುಂಡು ಗಿಡ್ಡವಾಗದೆ ಜೇಬು ಸಡಿಲ ಆಗಲ್ಲ. ಏಳು ಗಂಟೆಗೆ ತಾತ ಗಂಟೆ ಹೊಡೆಯುವಾಗ ಇಲ್ಲಿಗೆ ಬರೋಕೆ ಅವರಿಗೆ ಕಾರಣಾನೂ ಇತ್ತು. ಶನಿವಾರ ಬಲಿಪೀಠದ ಬಟ್ಟೆ ಒಯ್ಯೋ ದಿನ. ಬಟ್ಟೆ ಹೋಯ್ತು, ಆದ್ರೆ ಇಸ್ತ್ರಿಗೆ ಬರಲಿಲ್ಲ. ಯಾಕಂದ್ರೆ ಬಟ್ಟೆಯಡಿ ಕೋಲಿನ ತುಂಡುಗಳಿದ್ದ ಬುಟ್ಟಿ ಖಾಲಿ ಮಾಡೋ ಹಾಗಿರಲಿಲ್ಲ. ತಾತ ಆ ಬುಟ್ಟಿ ಹೋಗೋದನ್ನ ನೋಡಿದಾರೆ. ನೋಡಿ ಬಾಯಿಗೆ ಬೀಗ ಹಾಕ್ಕೊಂಡಿದಾರೆ."

ಬಿಷಪ್ಪರು ನಿಧಾನವಾಗಿ ಅಕ್ಕನ ಕಡೆ ತಿರುಗಿದರು.

"ಎಷ್ಟು ಸಲ?"

"ಮೂರು ಸಲ. ಎರಡೆರಡು ವರ್ಷಕ್ಕೆ ಒಂದೊಂದು ಇಂಚು," ಎಂದರು ಅಕ್ಕ. ತಲೆ ಎತ್ತಿಯೇ ಹೇಳಿದರು. "ಕೆಳಗಿನ ತುಂಡು ಒಯ್ದು, ಅದನ್ನ ಮಾಡಿದ ಬಡಗಿ ಹತ್ರಾನೇ ಕೊಯ್ಯಿಸಿದೆ. ಮೊದಲ ಸಲ ನೀನು ಕಟ್ಟಿಸ್ತಿದ್ದ ಹೊಸ ಆಸ್ಪತ್ರೆ ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು. ನೀನು ಬಿಟ್ಟು ಬಂದಿದ್ರೆ ಅದು ಅಲ್ಲೇ ನಿಲ್ತಿತ್ತು. ಆಮೇಲೆ ನೆಪಾನೂ ಬೇಕಾಗ್ಲಿಲ್ಲ. ಕೆಲಸ ಬಿಟ್ಟು ಮನೇಲಿ ಕೂತ್ರೆ ನೀನು ಆರು ತಿಂಗಳು ಬದುಕಲ್ಲ ಅಂತ ನನಗೆ ಹೆದರಿಕೆ. ತಾತನ ಮೇಲೆ ಬರುತ್ತೆ ಅಂತ ಯೋಚನೆ ಬರಲಿಲ್ಲ ಕಣಪ್ಪ. ಐದರೊಳಗೆ ಹೇಳಿ ಕೋಲು ಕೊಟ್ಬಿಡೋಣ ಅಂತಾನೇ ಬಂದೆ."

"ಅಂದ್ರೆ ಆರು ವರ್ಷ ನಾನು ದೇವರ ಮುಂದಿನ ಮಾತು ಮುರಿದು ಕೂತಿದ್ದೆ. ಮಕ್ಕಳಿಗೆಲ್ಲ ಆ ಬಳೆ ತೋರಿಸಿ ಬೀಗಿದ್ದೆ." ಬಿಷಪ್ಪರ ಮುಖ ಬಿಳುಚಿಕೊಂಡಿತ್ತು.

"ಅಕ್ಕನ್ನ ಒಬ್ಬರನ್ನೇ ಅನ್ನಬೇಡಿ, ಅಯ್ಯನೋರೇ," ಎಂದರು ಮಾಸ್ಟರು. ಕುತ್ತಿಗೆಯ ಟೇಪನ್ನು ತೆಗೆದು ಕೈಯಲ್ಲಿ ಸುತ್ತಿಕೊಂಡರು. "ನನಗೆ ಇಷ್ಟು ಬೇಗ ಗೊತ್ತಾಗಿದ್ದು ಬುದ್ಧಿವಂತಿಕೆಯಿಂದ ಅಲ್ಲ. ನಾನೂ ಅದನ್ನೇ ಮಾಡ್ತಿದ್ದೆ. ನಿಮ್ಮ ನಿಲುವಂಗಿ ರಿಪೇರಿಗೆ ಬಂದಾಗಲೆಲ್ಲ ನಿಮಗೆ ಹೇಳದೆ ಅಂಚು ಮಡಿಸಿ ಹೊಲೀತಿದ್ದೆ. ಇವತ್ತು ಬೆಳಿಗ್ಗೆ ಹಿಮ್ಮಡಿಗೆ ಸರಿ ಅಂದ್ರಲ್ಲ, ಅದು ಮೂರು ಇಂಚು ಮಡಿಸಿದ್ದು."

"ಹಳೇ ಮಡಿಕೆ ಗುರುತು ಕಾಣದ ಹಾಗೆ ಒದ್ದೆ ಬಟ್ಟೆ ಹಾಕಿ ಒತ್ತಿದ್ದು ನಾನು," ಎಂದ ಇಸ್ತ್ರಿಯಣ್ಣ. ಹೇಳಿದ ಮೇಲೆ ತಾನು ಮಾತಾಡಿದ್ದು ಅವನಿಗೇ ಆಶ್ಚರ್ಯವಾಯಿತು.

"ಗೀರು ನಾನೂ ನೋಡಿದ್ದೆ. ಆರು ವರ್ಷದಿಂದ," ಎಂದರು ಬೀಗದ ತಾತ ಮೂಲೆಯಿಂದ.

ಬಿಷಪ್ಪರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ತಾತನ ಹತ್ತಿರ ಹೋಗಿ ಅವರ ಎರಡೂ ಕೈ ಹಿಡಿದರು. "ನನ್ನ ಜಂಬಕ್ಕೆ ನೀವು ಕಳ್ಳ ಅನ್ನಿಸ್ಕೊಂಡ್ರಿ. ಕ್ಷಮಿಸಿ," ಎಂದರು. ಕಾರ್ಯದರ್ಶಿಗಳೂ ಕೆಂಪಗಾಗಿ ಅದೇ ಮಾತು ತೊದಲಿದರು. ಬಿಷಪ್ಪರು ಹೊರಗೆ ಹೋದರು. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಕ್ಕನೇ ಬಟ್ಟೆಯ ಬುಟ್ಟಿ ಹೊತ್ತು ಅಂಗಡಿಗೆ ಬಂದರು. ಕಣ್ಣು ಊದಿಕೊಂಡಿದ್ದವು. "ಊಟ ಮಾಡ್ಲಿಲ್ಲ. ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ. ನಾನು ಅವನ ಆರು ವರ್ಷಾನ ಹಾಳು ಮಾಡ್ಬಿಟ್ಟೆ," ಎಂದರು. ಇಸ್ತ್ರಿಯಣ್ಣ ಅವರ ಎದುರಿಗೇ ಬಟ್ಟೆಗಳನ್ನು ಒಂದೊಂದಾಗಿ ಒತ್ತಿಕೊಟ್ಟ. ಅಷ್ಟು ಜೋಪಾನವಾಗಿ ಅವನು ಪಟ್ಟದ ದಿನವೂ ಒತ್ತಿರಲಿಲ್ಲ.

ಹತ್ತಕ್ಕೆ ಕ್ಯಾಥೆಡ್ರಲ್ ಕಿಕ್ಕಿರಿದಿತ್ತು. ಅಕ್ಕ ಮುಂದಿನ ಬೆಂಚಿನ ತುದಿಯಲ್ಲಿ ಒಬ್ಬರೇ ಕೂತಿದ್ದರು. ಮಾಸ್ಟರೂ ಇಸ್ತ್ರಿಯಣ್ಣನೂ ಹಿಂದೆ ನಿಂತರು. ಆರಾಧನೆ ಮುಗಿದು ಕೋಲು ಇಡುವ ಹೊತ್ತಿಗೆ ಬಿಷಪ್ಪರು ಜನರ ಕಡೆ ತಿರುಗಿದರು.

"ಈ ಕೋಲು ಮೂರು ಇಂಚು ಗಿಡ್ಡವಾಗಿದೆ. ಯಾಕಂದ್ರೆ ನಾನು ಮೂರು ಇಂಚು ಗಿಡ್ಡವಾಗಿದೀನಿ. ನನಗದು ನಿನ್ನೆ ಗೊತ್ತಾಯ್ತು," ಎಂದರು. ಯಾರೋ ನಗಲು ಹೋಗಿ ಸುಮ್ಮನಾದರು. "ಮಂದೆ ಕಾಯೋನು ನಾನು ಅಂದ್ಕೊಂಡಿದ್ದೆ. ಆರು ವರ್ಷದಿಂದ ನನ್ನನ್ನೇ ಬೇರೆಯವರು ಕಾಯ್ತಿದ್ರು. ಕೋಪ ಬಂತು. ಬೆಳಗಿನ ತನಕ ಆ ಕೋಪ ಹಿಡ್ಕೊಂಡು ಕೂತಿದ್ದೆ. ಈಗ ಅದನ್ನೂ ಇಲ್ಲೇ ಇಡ್ತೀನಿ."

ಕೋಲನ್ನು ಬಲಿಪೀಠದ ಮೇಲೆ ಮಲಗಿಸಿ ಅವರು ಮೆಟ್ಟಿಲಿಳಿದರು. ಬಿಷಪ್ಪರಾದ ಮೇಲೆ ಬಲಿಪೀಠದಿಂದ ಕೋಲಿಲ್ಲದೆ ಅವರು ನಡೆದು ಬರುವುದನ್ನು ಇಸ್ತ್ರಿಯಣ್ಣ ನೋಡಿದ್ದು ಅದೇ ಮೊದಲು. ಇಷ್ಟು ಬಾಗಿದ್ದಾರೆಂದು ಅವನಿಗೂ ಗೊತ್ತಿರಲಿಲ್ಲ. ಅವನು ಅಳುತ್ತಿದ್ದ, ಪಕ್ಕದಲ್ಲಿ ಮಾಸ್ಟರೂ ಅಳುತ್ತಿದ್ದರು. ಜನವೆಲ್ಲ ಎದ್ದು ನಿಂತರು. ಅಕ್ಕ ಮಾತ್ರ ಏಳುವ ಧೈರ್ಯವಿಲ್ಲದೆ ಮುಖ ಮುಚ್ಚಿಕೊಂಡು ಕೂತಿದ್ದರು.

ಬಿಷಪ್ಪರು ಮುಂದಿನ ಬೆಂಚಿನ ಹತ್ತಿರ ನಿಂತು ಕೈ ಚಾಚಿದರು.

"ಅಕ್ಕ, ನನಗೊಬ್ಬನಿಗೇ ನಡೆಯೋಕಾಗಲ್ಲ. ಬಾ, ಮನೆಗೆ ಹೋಗೋಣ."